ಕುರುಗೋಡಿನ ಗೇಣು ಮಣ್ಣು

ಹನ್ನೊಂದು ವರ್ಷ ಒಂದು ಹಾಳೆಯನ್ನು ನಾನು ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದೆ. ಅದು ಕುರುಗೋಡಿನ ಗುಡ್ಡದ ಇಳಿಜಾರಿನಲ್ಲಿ ಸರ್ಕಾರಿ ಮಣ್ಣು ಸಮೀಕ್ಷೆಗೆಂದು ನಾನೇ ನಿಂತು ತೋಡಿಸಿದ ಗುಂಡಿಯ ವಿವರಪಟ್ಟಿಯ ನಕಲು. ‘ಮಣ್ಣಿನ ಆಳ’ ಎಂಬ ಸಾಲಿನಲ್ಲಿ ನಾನು ಬರೆದಿದ್ದ ಹದಿನೆಂಟು ಸೆಂಟಿಮೀಟರಿನ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಎಪ್ಪತ್ತೈದು ಎಂಬ ತಿದ್ದುಪಡಿ. ಅದರಡಿಗೆ ಅಂದಿನ ನನ್ನ ಮೇಲಧಿಕಾರಿಯ ದೊಡ್ಡ ಸಹಿ. ಕ್ಷಮಿಸಿ ಮರೆತುಬಿಡುವ ದೊಡ್ಡತನ ನನ್ನಲ್ಲಿಲ್ಲ, ಇದೆಯೆಂದು ತೋರಿಸಿಕೊಂಡದ್ದೂ ಇಲ್ಲ. ವರ್ಷಕ್ಕೊಮ್ಮೆ ಸೀರೆಗೆ ಗಾಳಿಯಾಡಿಸುವಾಗ ಆ ಹಾಳೆಗೂ ಗಾಳಿಯಾಡಿಸಿ ಮತ್ತೆ ಒಳಗಿಡುತ್ತಿದ್ದೆ.

ಆ ಗುಡ್ಡದ ಮಣ್ಣಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಗ್ರಾನೈಟ್ ಗುಡ್ಡ. ಗ್ರಾನೈಟಿನಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿಗೆ ಮಳೆಗೆ ಅದು ಉದುರುದುರಾಗಿ ಗರಸಾಗುತ್ತದೆ. ಗರಸಿನ ಮೇಲೆ ಒಂದಿಷ್ಟು ಕೆಂಪು ಮಸಾರಿ ಮಣ್ಣು ಕೂಡುತ್ತದೆ. ಒಂದು ಜೋರು ಮಳೆ ಬಿದ್ದರೆ ಅದೂ ಇಳಿಜಾರಿಗೆ ಜಾರಿ ಹೋಗುತ್ತದೆ. ಹಾಗಾಗಿ ಪದರ ಕಟ್ಟಿ ಬಲಿಯುವುದಕ್ಕೆ ಆ ಮಣ್ಣಿಗೆ ಎಂದೂ ಪುರುಸೊತ್ತಿಲ್ಲ. ಗೇಣುದ್ದ ತೋಡುವುದರೊಳಗೆ ಹಾರೆ ಠಣ್ಣೆನ್ನುತ್ತದೆ. ಹನ್ನೊಂದು ವರ್ಷದ ಹಿಂದೆ ನಾನು ತೋಡಿಸಿದ ಆರು ಗುಂಡಿಗಳಲ್ಲೂ ಹಾಗೆಯೇ ಆಗಿತ್ತು.

ಆದರೆ ಆ ವರ್ಷ ಇಳಿಜಾರಿನ ಮೇಲೆ ಮಾವಿನ ತೋಪು ಮಾಡಬೇಕೆಂದು ಮೇಲಿನವರು ತೀರ್ಮಾನಿಸಿಬಿಟ್ಟಿದ್ದರು. ಗೇಣು ಮಣ್ಣಿನಲ್ಲಿ ಮಾವು ಬರುವುದಿಲ್ಲ, ಆದ್ದರಿಂದ ಮಣ್ಣೇ ಆಳವಾಗಬೇಕಾಯಿತು. ನಮ್ಮ ಸಾಹೇಬರು ಗುಡ್ಡ ಹತ್ತದೆ, ಕುರ್ಚಿಯಿಂದ ಏಳದೆ ಅದನ್ನು ಆಳ ಮಾಡಿದರು. ನಾನು ಆಕ್ಷೇಪ ಎತ್ತಿದಾಗ ತುಂಬಿದ ಸಭೆಯಲ್ಲಿ ನನ್ನ ಗುಂಡಿಯ ಫೋಟೊ ಎತ್ತಿ ಹಿಡಿದರು. ಬಿಸಿಲಿಗೆ ಟೇಪಿನ ಅಂಕಿ ಕಾಣುವುದಿಲ್ಲವೆಂದು ಗುಂಡಿಯೊಳಗೆ ಒಬ್ಬರು ಅಳತೆಗಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು, ನಿಂತವರ ಹೆಸರನ್ನು ಫೋಟೊದ ಕೆಳಗೆ ಬರೆಯುವುದು ನಮ್ಮಲ್ಲಿಯ ರೂಢಿ. ಅದರಲ್ಲಿ ನಿಂತವಳು ನಾನೇ.

“ನೋಡ್ರಿ, ಕಲ್ಲಿನ ಮ್ಯಾಲೆ ಹತ್ತಿ ನಿಂತು ಫೋಟೊ ಹೊಡಿಸ್ಯಾರ,” ಎಂದರು. “ಬಿಸಲಾಗ ಮೈ ಬಗ್ಗಲಾರದವರು ಒಂದು ಕಲ್ಲು ಬಡದು ಮನಿಗಿ ಬರ್ತಾರ. ಗುಂಡಿ ತೋಡೋದು ಹೆಣ್ಮಕ್ಕಳ ಕೆಲಸ ಅಲ್ಲ.”

ಎಲ್ಲರೂ ನಕ್ಕರು. ಚಹಾ ತಂದಿದ್ದವನೂ ನಕ್ಕ. ನಕ್ಕವರಲ್ಲಿ ಒಬ್ಬೊಬ್ಬರ ಮುಖವೂ ನನಗೆ ಇವತ್ತಿಗೂ ನೆನಪಿದೆ.

ಎರಡನೆಯ ಬೇಸಿಗೆಗೆ ಮಾವಿನ ಸಸಿಗಳೆಲ್ಲ ಒಣಗಿದವು. ಕಿತ್ತು ನೋಡಿದರೆ ಬೇರು ಕೆಳಗಿಳಿಯಲು ದಾರಿಯಿಲ್ಲದೆ ಬಂಡೆಯ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡಿತ್ತು. ಮಣ್ಣಿನ ವರದಿ ಯಾರದು ಎಂಬ ಪ್ರಶ್ನೆ ಬಂತು. ವರದಿಯ ತಲೆಯಲ್ಲಿ ನನ್ನ ಹೆಸರಿತ್ತು, ತಿದ್ದಿದ ಹಾಳೆ ಕಡತದಲ್ಲಿ ಇರಲಿಲ್ಲ, ಕಡತದಲ್ಲಿಲ್ಲದ ನನ್ನ ನಕಲನ್ನು ಯಾರೂ ನೋಡಲೊಪ್ಪಲಿಲ್ಲ. ನನಗೆ ನೋಟಿಸು ಬಂತು, ಹಿಂದೆಯೇ ವರ್ಗಾವಣೆಯೂ ಬಂತು. ಸಿರುಗುಪ್ಪದಲ್ಲಿ ರೈತರು ಚೀಲಗಳಲ್ಲಿ ತರುವ ಎರಿಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಎಂಟು ವರ್ಷ ಅಲ್ಲಿ ಜರಡಿ ಹಿಡಿದೆ. ಭತ್ತದ ಗದ್ದೆಗಳ ಆ ಕಪ್ಪು ಮಣ್ಣಿನಲ್ಲಿ ಏನೇನು ಇರುತ್ತದೆ ಎಂಬುದು ನನ್ನ ಬೆರಳಿಗೇ ಗೊತ್ತಾಯಿತು. ಅದು ಮುಂದೆ ಕೆಲಸಕ್ಕೆ ಬರುತ್ತದೆಂದು ಆಗ ನನಗಾಗಲಿ ಸಾಹೇಬರಿಗಾಗಲಿ ತಿಳಿದಿರಲಿಲ್ಲ.

ಬಳ್ಳಾರಿಗೆ ವಾಪಸಾದ ಎರಡನೆಯ ವರ್ಷ ನನ್ನ ಮೇಜಿಗೆ ಒಂದು ಕಡತ ಬಂತು. ಅದೇ ಗುಡ್ಡ, ಅದೇ ಇಳಿಜಾರು. ಒಂದು ಕಲ್ಲಿನ ಕಂಪನಿ ಇಡೀ ಇಳಿಜಾರನ್ನು ಕ್ವಾರಿಗೆ ಕೇಳಿತ್ತು. ಇಳಿಜಾರಿನ ಬುಡದಲ್ಲಿ, ರಸ್ತೆಯಿಂದ ಗುಡ್ಡಕ್ಕೆ ಲಾರಿ ಹತ್ತಬೇಕಾದ ಬಾಯಿಯಲ್ಲೇ, ಅರ್ಧ ಎಕರೆಯ ಒಂದು ಹೊಲ. ಸರ್ಕಾರಿ ಜಾಗದಲ್ಲಿ ಒಬ್ಬ ಹೆಂಗಸು ಬಹುಕಾಲದಿಂದ ಉಳುತ್ತ ಬಂದು, ಸಾಗುವಳಿ ಚೀಟಿಗೆ ಅರ್ಜಿ ಹಾಕಿದ್ದಳು. ಅದು ಉಳುವ ಮಣ್ಣೋ ಬರೀ ಬಂಡೆಯೋ ಎಂದು ಹೇಳುವುದು ನನ್ನ ಕೆಲಸ. ಮಣ್ಣು ಎಂದರೆ ಹೊಲ ಅವಳಿಗೆ, ಬಂಡೆ ಎಂದರೆ ಕಂಪನಿಗೆ.

ಕಂಪನಿ ತನ್ನ ತಜ್ಞರ ವರದಿಯನ್ನು ಲಗತ್ತಿಸಿತ್ತು. ‘ಸದರಿ ಇಳಿಜಾರಿನ ಎಲ್ಲ ಭಾಗದಲ್ಲಿಯೂ ಮಣ್ಣಿನ ಆಳ ಹದಿನೆಂಟು ಸೆಂಟಿಮೀಟರ್ ಮಾತ್ರ; ಕೃಷಿಗೆ ಯೋಗ್ಯವಲ್ಲ.’ ಕೆಳಗೆ ಅದೇ ದೊಡ್ಡ ಸಹಿ. ನಿವೃತ್ತರಾದ ನಮ್ಮ ಸಾಹೇಬರು ಈಗ ಕಂಪನಿಯ ಸಲಹೆಗಾರರು. ಹತ್ತೊಂಬತ್ತಲ್ಲ, ಹದಿನೇಳಲ್ಲ, ಹದಿನೆಂಟು. ನನ್ನ ಅಂಕಿಯನ್ನೇ ಎತ್ತಿಕೊಂಡಿದ್ದರು. ಸಿಟ್ಟು ಬಂತು. ಜೊತೆಗೆ, ಸುಳ್ಳೇಕೆ, ಸಂತೋಷವೂ ಆಯಿತು. ಸಂಜೆ ಮನೆಗೆ ಹೋಗಿ ಸೀರೆಯ ಮಡಿಕೆಯಿಂದ ಹಾಳೆ ತೆಗೆದು ಚೀಲಕ್ಕೆ ಹಾಕಿಕೊಂಡೆ.

ನನ್ನ ಲೆಕ್ಕ ಸರಳವಾಗಿತ್ತು. ನಾಲ್ಕು ಜನರೆದುರು ಅವರ ಎಪ್ಪತ್ತೈದನ್ನು ಅವರ ಮೂತಿಗೇ ಹಿಡಿಯುವುದು. ಸರ್, ಈ ಮಣ್ಣು ಎರಡೂವರೆ ಅಡಿ ಆಳ ಅಂತ ನೀವೇ ಬರೆದಿದ್ದೀರಿ, ಈಗೆಲ್ಲಿ ಹೋಯಿತು ಎಂದು ಕೇಳುವುದು. ಆಗ ಸುಳ್ಳು ಹೇಳಿದೆ ಎನ್ನಬೇಕು, ಇಲ್ಲವೇ ಈಗ ಹೇಳುತ್ತಿದ್ದೇನೆ ಎನ್ನಬೇಕು. ಎರಡರಲ್ಲಿ ಯಾವುದನ್ನು ಹೇಳಿದರೂ ನನಗೆ ಹಬ್ಬ; ಎಪ್ಪತ್ತೈದಕ್ಕೇ ಅಂಟಿಕೊಂಡರಂತೂ ಇಡೀ ಇಳಿಜಾರೇ ಕ್ವಾರಿಗೆ ಹೋಗದೆ ಉಳಿಯುತ್ತದೆ.

ಮೊದಲ ದಿನ ಬೇರೆ ಯಾವ ಅಧಿಕಾರಿಯೂ ಇಲ್ಲದೆ ನಾನೇ ಹೋದೆ. ಜೊತೆಗೆ ಗುಂಡಿ ತೋಡುವ ಕೂಲಿಯಾತ, ಹಳೆಯ ಆರು ಗುಂಡಿಗಳನ್ನೂ ತೋಡಿದ್ದ ಅದೇ ಮನುಷ್ಯ. ಹೊಲದ ಕೆಳಬದುವಿನ ಹತ್ತಿರ ಮಣ್ಣು ಕೊರೆಯುವ ಆಗರ್ ತಿರುಗಿಸಿದೆವು. ತಿರುಪಿನ ಹಲ್ಲಿಗೆ ಕಪ್ಪು ಮಣ್ಣು ಅಂಟಿಕೊಂಡು ಬಂತು. ಮತ್ತೆ ಇಳಿಸಿದೆವು, ಮತ್ತೆ ಕಪ್ಪು. ತಳದ ಮಣ್ಣು ತಿರುಪಿನಲ್ಲಿ ಕಲಸಿಹೋಗಿ ಪದರ ತಿಳಿಯಲಿಲ್ಲ; ಎಪ್ಪತ್ತೆರಡು ಸೆಂಟಿಮೀಟರಿಗೆ ಹೋಗಿ ಕಲ್ಲು ಸಿಕ್ಕಿತು.

ಕೂಲಿಯಾತ ಆಗರ್ ಒರಗಿಸಿ ನನ್ನ ಮುಖ ನೋಡಿದ. “ಏನ್ರೀ ಮೇಡಂ, ಸಾಹೇಬರು ಹೇಳಿದ್ದೇ ಖರೆ ಆತೇನು?”

ಟೇಪು ಮತ್ತೊಮ್ಮೆ ನೋಡಿದೆ, ಎಪ್ಪತ್ತೆರಡೇ. ಅಂದು ನಾನು ಇಳಿಜಾರಿನ ಮೇಲ್ಭಾಗದಲ್ಲಿ ಗುಂಡಿ ತೋಡಿಸಿದ್ದೆ, ಬುಡದ ಈ ಮೂಲೆಗೆ ಬಂದೇ ಇರಲಿಲ್ಲ. ಗ್ರಾನೈಟಿನ ನಡುವೆ ಎಲ್ಲಾದರೂ ಕರಿಕಲ್ಲಿನ ಪಟ್ಟಿ ಹಾದುಹೋಗಿದ್ದರೆ ಅದು ಕರಗಿ ಕಪ್ಪುಮಣ್ಣಾಗುವುದುಂಟು. ಹಾಗಾದರೆ ಅವರು ಕುರ್ಚಿಯಲ್ಲಿ ಕೂತು ಕುರುಡಾಗಿ ಬರೆದದ್ದೇ ಸರಿಯಾಗಿ, ಬಿಸಿಲಲ್ಲಿ ಬೆಂದು ಅಳೆದ ನಾನು ತಪ್ಪೇ? ಎಂಟು ವರ್ಷದ ಜರಡಿ ನನಗೆ ತಕ್ಕ ಶಿಕ್ಷೆಯೇ?

ಇದನ್ನು ತೀರ್ಮಾನಿಸಲು ಆ್ಯಸಿಡ್ ಬೇಕಿತ್ತು. ತೆಳು ಮಾಡಿದ ಆ್ಯಸಿಡ್ಡನ್ನು ಮಣ್ಣಿನ ಮೇಲೆ ಒಂದು ಹನಿ ಬಿಟ್ಟರೆ, ಸುಣ್ಣವಿದ್ದರೆ ಅದು ಬುಸ್ಸೆಂದು ನೊರೆಯಾಡುತ್ತದೆ, ಇಲ್ಲದಿದ್ದರೆ ಸುಮ್ಮನೆ ಹೀರಿಕೊಳ್ಳುತ್ತದೆ. ಕಚೇರಿಯ ಬಾಟಲಿ ಎಂದೋ ಬರಿದಾಗಿತ್ತು. ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಹೋಗಿ ಕೇಳಿದೆ.

“ಬಾತ್‌ರೂಮ್ ತೊಳಿಯಾಕಾ ಅಕ್ಕಾ?” ಎಂದ ಅಂಗಡಿಯವನು.

“ಹ್ಞೂಂ,” ಎಂದೆ. “ಭಾಳ ಹಳೇ ಕಲೆ ಐತಿ.”

ಎರಡನೆಯ ಸಲ ಹೋದಾಗ ಆಗರ್ ಬಿಟ್ಟು ಸರಿಯಾದ ಗುಂಡಿಯನ್ನೇ ತೋಡಿಸಿದೆ. ಹೊಲದೊಡತಿ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಅರವತ್ತು ದಾಟಿದ, ಗಟ್ಟಿ ಮುಂಗೈಯ ಹೆಂಗಸು. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದು ನಯ ಮಾಡಿ ಮೇಲಿನಿಂದ ಕೆಳಗೆ ಹನಿ ಬಿಡುತ್ತ ಹೋದೆ. ಕಪ್ಪು ಮಣ್ಣೆಲ್ಲ ನೊರೆಯಾಡಿತು. ಅದರಡಿಗೆ ಗೇಣಿಗೂ ಕಡಿಮೆ ದಪ್ಪದ ಕೆಂಪು ಮಸಾರಿ, ಆಮೇಲೆ ಗರಸು, ಆಮೇಲೆ ಬಂಡೆ. ಅಳೆದು ನೋಡಿದರೆ ಕೆಂಪು ಪದರ ಹದಿನೇಳು. ಕಲ್ಲು ಗ್ರಾನೈಟೇ, ಕರಿಕಲ್ಲಲ್ಲ. ಸುಣ್ಣವಿಲ್ಲದ ಕಲ್ಲಿನ ಮೇಲೆ ಸುಣ್ಣದ ಮಣ್ಣು ಹುಟ್ಟುವುದಿಲ್ಲ. ಒಂದು ಹಿಡಿ ಕಪ್ಪು ಮಣ್ಣನ್ನು ಅಂಗೈಯಲ್ಲಿ ಪುಡಿ ಮಾಡಿದೆ. ಬೆರಳಿಗೆ ಸಣ್ಣದೊಂದು ಗಟ್ಟಿ ತಾಗಿತು. ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಳಿ ಚಿಪ್ಪು. ನೀರಿನ ಬಸವನಹುಳುವಿನದು. ಸಿರುಗುಪ್ಪದ ಜರಡಿಯಲ್ಲಿ ದಿನಕ್ಕೆ ನೂರು ಆರಿಸಿ ಎಸೆದಿದ್ದೇನೆ. ಕುರುಗೋಡಿನ ಗುಡ್ಡದ ಮೇಲೆ ಅದಕ್ಕೇನು ಕೆಲಸ?

ಚಿಪ್ಪನ್ನು ಅವಳೆದುರು ಹಿಡಿದೆ. “ಅವ್ವಾ, ಈ ಮಣ್ಣು ಎಲ್ಲಿಂದು? ಖರೆ ಹೇಳ್ರಿ.”

“ನಮ್ಮ ತವರಿಂದು,” ಎಂದಳು, ಅದರಲ್ಲಿ ಮುಚ್ಚಿಡುವುದೇನೂ ಇಲ್ಲವೆಂಬಂತೆ. “ಸಿರುಗುಪ್ಪದ ಕಡೇದು. ನಮ್ಮಣ್ಣ ಟ್ರ್ಯಾಕ್ಟರ್ ಇಟ್ಟಿದ್ದ. ಬ್ಯಾಸಗ್ಯಾಗ ಇಲ್ಲಿ ಜಲ್ಲಿ ತುಂಬಿಕೊಂಡು ಹೋಗಾಕ ಬರಾಂವ, ಬರುವಾಗ ಖಾಲಿ ಬರಾಂವ. ನಾ ಅಂದೆ, ಲೇ ಅಣ್ಣಾ, ತಂಗಿ ಮನಿಗಿ ಖಾಲಿ ಬರ್ತೀಯಲ್ಲ, ನಾಚಿಕಿ ಬರಂಗಿಲ್ಲೇನು? ಅವ ಅಂದ, ಸೀರಿ ತರ್ಲೇನು? ಸೀರಿ ಬ್ಯಾಡ, ಕಾಲವಿ ನೀರು ಬಂದ್ ಆದಾಗ ಹೂಳು ತಗೀತಾರಲ್ಲ, ಅದನ್ನ ತುಂಬಿಕೊಂಡು ಬಾ ಅಂದೆ.”

“ಎಷ್ಟು ವರ್ಷ?”

“ಹತ್ತೊಂಬತ್ತು ಬ್ಯಾಸಗಿ. ವರ್ಷಕ್ಕ ಇಪ್ಪತ್ತು ಟ್ರೇಲರ್, ಒಮ್ಮೊಮ್ಮೆ ಹೆಚ್ಚು. ಮೊದಲು ಕಲ್ಲು ಆರಿಸಿ ಬದು ಕಟ್ಟಿದ್ವಿ, ಆಮ್ಯಾಲೆ ಮಣ್ಣು ಹಾಸಿದ್ವಿ. ಎಲ್ಲಾರಿಗೂ ತವರಿಂದ ಸೀರಿ ಬರ್ತೈತಿ, ನನಗ ಹೊಲ ಬಂತು.” ಬದುವಿನ ಮಣ್ಣು ಸವರುತ್ತ ಹೇಳಿದಳು, “ನಮ್ಮಣ್ಣ ಈಗ ಇಲ್ಲ. ಇನ್ನ ಮಣ್ಣು ಬರಂಗಿಲ್ಲ. ಇದ್ದದ್ದು ಇಷ್ಟ.”

ನಾನು ಗುಂಡಿಯೊಳಗೇ ಕೂತುಬಿಟ್ಟೆ. ನನ್ನ ಹದಿನೆಂಟು ತಪ್ಪಾಗಿರಲಿಲ್ಲ, ಈಕೆಯ ಎಪ್ಪತ್ತೆರಡೂ ಸುಳ್ಳಾಗಿರಲಿಲ್ಲ. ಆ ದಿನ ನನ್ನಷ್ಟು ಹಗುರಾದವರು ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಅವಳ ಮುಂದಿನ ಮಾತು ಮತ್ತೆ ಕಟ್ಟಿಹಾಕಿತು.

“ನಿಮ್ಮ ದೊಡ್ಡ ಸಾಹೇಬ ಬಂದಿದ್ದ. ಕಪ್ಪು ಮಣ್ಣು ನೋಡಿದ, ಕಾಲಿಂದ ಒದ್ದ. ಇದು ನಿನ್ನೆ ಮೊನ್ನೆ ಸುರಿದದ್ದು, ಚೀಟಿ ಸಲುವಾಗಿ ನಾಟಕ ಹೂಡೀಯೇನಬೇ ಅಂದು ನಕ್ಕು ಹೋದ. ನಾ ಹತ್ತೊಂಬತ್ತು ವರ್ಷ ಅಂದ್ರ ಸಾಕ್ಷಿ ಎಲ್ಲೈತಿ ಅಂತಾರ. ಸತ್ತಾಂವನ್ನ ಎಲ್ಲಿಂದ ಕರಕೊಂಡು ಬರ್ಲಿ?”

ಹೊರಗಿನಿಂದ ತಂದು ಸುರಿದ ಮಣ್ಣಿನ ರಾಶಿಯನ್ನು ಯಾರೂ ಹೊಲವೆಂದು ಬರೆಯುವುದಿಲ್ಲ. ಅದು ಅಲ್ಲಿ ಕೂತು, ಬೇರೂರಿ, ಕೆಳಗಿನದರೊಡನೆ ಬೆರೆತಿರಬೇಕು. ಬೆರೆತಿದೆ ಎಂದು ತೋರಿಸಬೇಕು. ಬೇರುಗಳು ಕೆಂಪು ಪದರದ ತನಕ ಇಳಿದಿದ್ದವು, ಎರೆಹುಳುವಿನ ದಾರಿಗಳಿದ್ದವು. ಆದರೆ ಸಾಹೇಬರಂಥವರು ಒಂದು ಬೆಳೆಯಲ್ಲೂ ಬೇರು ಇಳಿಯುತ್ತದೆ ಎಂದು ವಾದಿಸುವ ಪೈಕಿ. ಕೂಲಿಯಾತನಿಗೆ ಹಾರೆ ಹಾಕಿ ತಳದ ಬಂಡೆಯ ಒಂದು ಚಕ್ಕೆ ಎಬ್ಬಿಸಲು ಹೇಳಿದೆ. ಸುಮಾರು ಒಂದು ತಾಸು ಹಿಡಿಯಿತು. ಚಕ್ಕೆ ಎದ್ದಾಗ ಬಿರುಕಿನ ಒಳಮೈಯಲ್ಲಿ ನೂಲಿನಷ್ಟು ತೆಳುವಾದ ಬಿಳಿ ಗೆರೆಗಳು ಕಂಡವು. ಹನಿ ಬಿಟ್ಟೆ. ಬಿರುಕು ಬುಸುಗುಟ್ಟಿತು.

ಮೇಲಿನ ಎರಿಮಣ್ಣಿನ ಸುಣ್ಣ ಮಳೆನೀರಿನಲ್ಲಿ ಕರಗಿ, ಕೆಂಪು ಪದರ ದಾಟಿ, ಗರಸು ದಾಟಿ, ಬಂಡೆಯ ಬಿರುಕಿಗಿಳಿದು ಅಲ್ಲಿ ಹೆಪ್ಪುಗಟ್ಟಿತ್ತು. ಅದು ನಿನ್ನೆ ಮೊನ್ನೆಯ ಕೆಲಸವಲ್ಲ, ಎಷ್ಟೋ ಮಳೆಗಾಲದ ಕೆಲಸ. ಸತ್ತ ಅಣ್ಣನ ಪರವಾಗಿ ಕಲ್ಲೇ ಸಾಕ್ಷಿ ಹೇಳುತ್ತಿತ್ತು.

ಅವಳು ಕೊಟ್ಟ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಬದುವಿನ ಮೇಲೆ ಕೂತಾಗ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಬಿರುಕಿನ ಸುಣ್ಣ ಮೇಲಿನಿಂದ ಬಂದದ್ದು ಎಂದು ಸಾಧಿಸಬೇಕಾದರೆ, ಹೊಲದಾಚೆ ಬೋಳು ಇಳಿಜಾರಿನ ಬಂಡೆಯಲ್ಲಿ ಸುಣ್ಣವಿಲ್ಲ ಎಂದು ತೋರಿಸಬೇಕು. ಅದಕ್ಕೆ ಅಲ್ಲಿ ಗುಂಡಿ ತೋಡಬೇಕು. ತೋಡಿದರೆ ಅಲ್ಲಿನ ಆಳ ಹದಿನೆಂಟೆಂದು ಬರೆಯಬೇಕು. ಬರೆದರೆ ಅವರ ಎಪ್ಪತ್ತೈದನ್ನು ಹಿಡಿದು ಇಡೀ ಇಳಿಜಾರನ್ನೇ ಉಳಿಸುವ, ಅವರನ್ನು ಅವರದೇ ಸುಳ್ಳಿನಲ್ಲಿ ಕಟ್ಟಿಹಾಕುವ ನನ್ನ ಹಬ್ಬ ಹೋಯಿತು. ಬೋಳು ಇಳಿಜಾರು ಕಂಪನಿಗೆ ಹೋದರೂ ಹೋಗಬಹುದು. ಒಂದು ತಾಸು ಒದ್ದಾಡಿದೆ. ಆ ಸುಳ್ಳು ಅಂಕಿ ನನಗೆ ಅಷ್ಟು ರುಚಿಯಾಗಿ ಕಂಡಿತ್ತು. ಆದರೆ ಎಪ್ಪತ್ತೈದು ಎಂದು ಬರೆದ ಹಾಳೆಯ ಕೆಳಗೆ ನಾನು ಸಹಿ ಹಾಕಿದರೆ, ಅಂದು ಸಭೆಯಲ್ಲಿ ಅವರು ನನ್ನ ಬಗ್ಗೆ ಆಡಿದ್ದೆಲ್ಲ ಇಂದು ನಿಜವಾಗುತ್ತಿತ್ತು. ಆ ಖುಷಿಯನ್ನು ಅವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು ಗುಂಡಿ ತೋಡೋಣ, ಸಾಹೇಬರ ಮುಂದೆಯೇ ತೋಡೋಣ ಎಂದು ಕೂಲಿಯಾತನಿಗೆ ಹೇಳಿದೆ.

ಜಂಟಿ ತಪಾಸಣೆಯ ದಿನ ಕಂದಾಯ ನಿರೀಕ್ಷಕರು ಬಂದರು. ಕಂಪನಿಯ ಮನುಷ್ಯನೊಬ್ಬನ ಜೊತೆ ಬಿಳಿ ಕಾರಿನಿಂದ ಸಾಹೇಬರು ಇಳಿದರು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೆಯೇ ಇತ್ತು. ನನ್ನನ್ನು ನೋಡಿ, “ಓಹೋ, ಇನ್ನೂ ಗುಂಡಿ ತೋಡ್ತೀಯೇನವಾ?” ಎಂದರು.

“ಅದೀನ್ರಿ ಸರ, ಗುಂಡಿಯೊಳಗ ಅದೀನಿ,” ಎಂದೆ.

ಮೊದಲು ಅವಳ ಹೊಲದ ಗುಂಡಿ. ನಾನು ಬಾಟಲಿಯನ್ನು ಸಾಹೇಬರ ಕೈಗೇ ಕೊಟ್ಟೆ. ನೀವೇ ಬಿಡ್ರಿ, ಆಮ್ಯಾಲೆ ನಾ ಏನೋ ಬೆರೆಸಿದೆ ಅನ್ನಬಾರದು ಎಂದೆ. ಅವರು ಬಿಟ್ಟರು. ಕಪ್ಪು ಮಣ್ಣು ನೊರೆಯಾಡಿತು. ನಿರೀಕ್ಷಕರ ಕಡೆ ತಿರುಗಿ, ನಾನು ಕಾದಿದ್ದ ಮಾತನ್ನೇ ಆಡಿದರು. “ನೋಡ್ರಿ, ಇದು ಹೊರಗಿಂದು. ಹ್ವಾದ ವರ್ಷ ತಂದು ಸುರದಾರ.” ಬಿರುಕಿನ ಚಕ್ಕೆ ಮುಂದಿಟ್ಟೆ. ಅಲ್ಲೂ ಅವರೇ ಹನಿ ಬಿಟ್ಟರು, ಅದೂ ನೊರೆಯಾಡಿತು. “ಗುಡ್ಡದ ಕಲ್ಲಿನಾಗ ಎಲ್ಲಾ ಕಡೆ ಹಿಂಗ ಇರ್ತೈತಿ,” ಎಂದರು ತಕ್ಷಣ. ಆ ಒಂದು ವಾಕ್ಯಕ್ಕಾಗಿಯೇ ನಾನು ಬಾಟಲಿ ಅವರ ಕೈಗೆ ಕೊಟ್ಟದ್ದು.

“ಹಂಗಾದ್ರ ಅಲ್ಲೂ ನೋಡಿಬಿಡೂಣು ಬರ್ರಿ,” ಎಂದು ಎಲ್ಲರನ್ನೂ ಬೋಳು ಇಳಿಜಾರಿಗೆ ಹತ್ತಿಸಿದೆ. ನಡುಮಧ್ಯಾಹ್ನದ ಬಳ್ಳಾರಿ ಬಿಸಿಲು. ಸಾಹೇಬರು ಮೂರು ಕಡೆ ನಿಂತು ಉಸಿರು ತೆಗೆದುಕೊಂಡರು, ನಾನು ಮೂರು ಕಡೆಯೂ ಕಾದೆ. ಹನ್ನೊಂದು ವರ್ಷದ ಹಿಂದಿನ ನನ್ನ ಗುಂಡಿಯ ಗುರುತು ಪಕ್ಕದ ಬಂಡೆಯ ಮೇಲೆ ಇನ್ನೂ ಇತ್ತು. ಅದಕ್ಕೆ ಎರಡು ಮಾರು ದೂರದಲ್ಲಿ ಕೂಲಿಯಾತ ಗುದ್ದಲಿ ಹಾಕಿದ. ಎಷ್ಟು ಬೇಗ ಮುಗಿಯಿತೆಂದರೆ ಕಂಪನಿಯ ಮನುಷ್ಯ ನೀರು ಕುಡಿದು ಮುಗಿಸಿರಲಿಲ್ಲ. ಹಾರೆ ಠಣ್ಣೆಂದಿತು. ಚಕ್ಕೆ ಎಬ್ಬಿಸಿ ಸಾಹೇಬರ ಮುಂದಿಟ್ಟೆವು. ಅವರು ಬಿರುಕಿಗೆ ಹನಿ ಬಿಟ್ಟರು. ಏನೂ ಆಗಲಿಲ್ಲ. ಮತ್ತೊಂದು ಬಿಟ್ಟರು. ಕಲ್ಲು ಸುಮ್ಮನೆ ಒದ್ದೆಯಾಯಿತು.

ನಿರೀಕ್ಷಕರು ಬುದ್ಧಿವಂತರು, ನಾನು ವಿವರಿಸಬೇಕಾಗಲಿಲ್ಲ. “ಅಂದ್ರ ಕೆಳಗಿನ ಹೊಲದ ಸುಣ್ಣ ಮ್ಯಾಲಿನ ಮಣ್ಣಿಂದ ಇಳದೈತಿ,” ಎಂದರು. “ಹಂಗ ಇಳಿಯಾಕ ಒಂದು ವರ್ಷ ಸಾಲಂಗಿಲ್ಲ, ಅಲ್ರೀ ಸರ?” ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

“ಆಳ ಬರಕೊಳ್ಳೂಣು,” ಎಂದೆ ನಾನು. “ಟೇಪು ನೀವೇ ಹಿಡೀರಿ ಸರ.” ಅವರೇ ಹಿಡಿದರು, ಹದಿನೆಂಟು ಬಂತು. ವಿವರಪಟ್ಟಿಯಲ್ಲಿ ಅವರೇ ಬರೆದು ಅವರೇ ಸಹಿ ಹಾಕಿದರು. ಅದು ಅವರ ವರದಿಯದೇ ಅಂಕಿ, ಬೇಡವೆನ್ನಲು ಕಾರಣವಿರಲಿಲ್ಲ. “ಫೋಟೊಕ್ಕ ಯಾರರ ನಿಲ್ಲಬೇಕಲ್ರಿ,” ಎಂದೆ. “ಈ ಸಲ ನೀವೇ ನಿಲ್ರಿ. ನಾ ನಿಂತ್ರ ಕಲ್ಲಿನ ಮ್ಯಾಲೆ ಹತ್ತಿ ನಿಂತಾಳ ಅಂತಾರ.”

ಅವರು ನನ್ನನ್ನು ದಿಟ್ಟಿಸಿದರು. ಈ ಮಾತನ್ನು ಎಲ್ಲಿ ಕೇಳಿದ್ದೇನೆಂದು ಹುಡುಕುತ್ತಿದ್ದರು, ಸಿಗಲು ತುಸು ಹೊತ್ತು ಹಿಡಿಯಿತು. ಸಿಕ್ಕಾಗ ಮುಖದ ಬಣ್ಣ ಇಳಿಯಿತು. ಎಲ್ಲರೂ ಕಾಯುತ್ತಿದ್ದರು. ಪಾಲಿಶ್ ಮಾಡಿದ ಶೂ ಸಮೇತ ಗುಂಡಿಗೆ ಇಳಿದರು. ಇಳಿದರು ಎಂದರೆ ಅಷ್ಟೇ, ಒಂದು ಮೆಟ್ಟಿಲಿನಷ್ಟು. ಮಣ್ಣಿನ ಅಂಚು ಅವರ ಕಣಕಾಲಿನಿಂದ ನಾಲ್ಕು ಬೆರಳು ಮೇಲೆ ಬಂತು. ಮೂರು ಫೋಟೊ ತೆಗೆದೆ. ಒಂದು ಸಾಕಿತ್ತು.

ಆಮೇಲೆ ಚೀಲದಿಂದ ಹಳೆಯ ಹಾಳೆ ತೆಗೆದು, ಈಗಷ್ಟೇ ಸಹಿಯಾದ ಪಟ್ಟಿಯ ಪಕ್ಕಕ್ಕಿಟ್ಟು ನಿರೀಕ್ಷಕರ ಕೈಗೆ ಕೊಟ್ಟೆ. ಅವರು ಎರಡನ್ನೂ ಓದಿದರು. “ಇದೂ ನಿಮ್ಮದೇ ಸಹಿ ಏನ್ರಿ ಸರ?”

“ಅದು ಆಗಿನ ಮಾತು,” ಎಂದರು ಸಾಹೇಬರು, ಇನ್ನೂ ಗುಂಡಿಯಲ್ಲೇ ನಿಂತು.

“ಕಲ್ಲು ಆಗಿಂದಲೂ ಇಲ್ಲೇ ಐತ್ರಿ,” ಎಂದೆ. ಕೂಲಿಯಾತ ನಕ್ಕ. ಅವನೂ ಹನ್ನೊಂದು ವರ್ಷ ಕಾದಿದ್ದನೆಂದು ನನಗೆ ಆಗಲೇ ತಿಳಿದದ್ದು.

ಹೊಲದ ಗುಂಡಿ ಮುಚ್ಚುವಾಗ ಹೊಲದೊಡತಿ ಯಾರಿಗೂ ಸನಿಕೆ ಕೊಡಲಿಲ್ಲ. ಕೆಂಪು ಕೆಳಗೆ, ಕಪ್ಪು ಮೇಲೆ, ತೆಗೆದ ಕ್ರಮದಲ್ಲೇ ತಾನೇ ತುಂಬಿದಳು. ನಾನು ಮಾದರಿಗೆಂದು ಚೀಲದಲ್ಲಿ ಕಟ್ಟಿಕೊಂಡಿದ್ದ ಸೇರು ಮಣ್ಣನ್ನು ತೋರಿಸಿ, ಪರೀಕ್ಷೆ ಮುಗಿದ ಮೇಲೆ ವಾಪಸು ತಂದುಕೊಡಬೇಕೆಂದಳು. ತಂದುಕೊಟ್ಟೆ. ಅವಳಿಗೆ ಸಾಗುವಳಿ ಚೀಟಿ ಬಂತು. ಲಾರಿ ಹತ್ತುವ ಬಾಯಿ ಸಿಗದ ಕಂಪನಿ ಗುಡ್ಡದ ಆಚೆ ಬದಿಯಿಂದ ದಾರಿ ಮಾಡಿಕೊಂಡು ಕಲ್ಲು ಒಡೆಯುತ್ತಿದೆ. ಮಧ್ಯಾಹ್ನ ಸಿಡಿತದ ಸದ್ದು ಹೊಲಕ್ಕೆ ಕೇಳುತ್ತದೆ. ನನ್ನ ಹದಿನೆಂಟಿನ ಪಾಲೂ ಅದರಲ್ಲಿದೆ, ಇಲ್ಲವೆನ್ನುವುದಿಲ್ಲ.

ಹಳೆಯ ಹಾಳೆ ಈಗ ಕಡತದಲ್ಲಿದೆ. ಜೊತೆಗೆ ಫೋಟೊ, ಅದರ ಕೆಳಗೆ ರೂಢಿಯಂತೆ ‘ಅಳತೆಗಾಗಿ ನಿಂತವರು’ ಎಂದು ಬರೆದು ಅವರ ಪೂರ್ತಿ ಹೆಸರು, ಹಿಂದಿನ ಹುದ್ದೆ. ವರದಿಯ ಪ್ರತಿ ಹೋಗಬೇಕಾದ ಕಡೆಗೆಲ್ಲ ಹೋಯಿತು, ಹೋಗದಿದ್ದರೂ ನಡೆಯುತ್ತಿದ್ದ ಎರಡು ಮೂರು ಕಡೆಗೂ ಹೋಯಿತು. ವಾರದ ಮೇಲೆ ಸಾಹೇಬರ ಫೋನ್ ಬಂತು. ಅವರು ನನಗೆ ಮೇಡಂ ಎಂದದ್ದು ಅದೇ ಮೊದಲು.

“ಮೇಡಂ, ವರದಿ ಇರಲಿ, ಸಹಿ ಇರಲಿ. ಆ ಫೋಟೊ ಒಂದು ತಗದುಬಿಡ್ರಿ. ನೋಡಿದವರೆಲ್ಲ ನಗ್ತಾರ.”

“ತಗಿಯಾಕ ಬರಂಗಿಲ್ರಿ ಸರ,” ಎಂದೆ. “ನೀವು ಇಲ್ದಿದ್ರ ಮಣ್ಣಿನ ಆಳ ಎಷ್ಟಂತ ಯಾರಿಗೂ ಗೊತ್ತಾಗಂಗಿಲ್ಲ.”